ಎರಡು ಭಾಷೆಯಿಂದ ಮಗುವಿನ ಮಾತು ತಡವಾಗುತ್ತದೆಯೇ?

‘ಮನೆಯಲ್ಲಿ ಎರಡು ಭಾಷೆ ಆಡಿದರೆ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆ, ಶಾಲೆಗೆ ಸೇರಿಸುವ ಮುನ್ನ ಇಂಗ್ಲಿಷ್ ಮಾತ್ರ ಆಡಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ.

ನಮ್ಮ ಮನೆಯಲ್ಲಿ ಅಜ್ಜಿಯದು ತುಳು, ನಮ್ಮದು ಕನ್ನಡ. ಮೂರೂವರೆ ವರ್ಷದ ಮಗಳು ‘ನನಗೆ ನೀರ್ ಕೊರ್ಲೆ’ (ನೀರು ಕೊಡಿ) ಎನ್ನುತ್ತಾಳೆ. ಅರ್ಧ ಕನ್ನಡ, ಅರ್ಧ ತುಳು. ಹೀಗೆ ಬೆರೆಸುವುದು ಗೊಂದಲವಲ್ಲ. ಕೈಗೆ ಸಿಕ್ಕ ಪದವನ್ನು ಬಳಸುವ ಜಾಣತನ. ಕನ್ನಡ ಮಾತ್ರ ಬಲ್ಲ ಪಕ್ಕದ ಮನೆಯವರೆದುರು ಅವಳು ತುಳುವನ್ನು ತಾನಾಗಿಯೇ ಬದಿಗಿಡುತ್ತಾಳೆ!

ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳೂ ಉಳಿದವರಂತೆ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಆಡುತ್ತಾರೆ, ಎರಡು ವರ್ಷದ ಹೊತ್ತಿಗೆ ಎರಡೆರಡು ಪದ ಜೋಡಿಸುತ್ತಾರೆ. ಒಂದೇ ಭಾಷೆಯ ಪದಗಳನ್ನು ಎಣಿಸಿದರೆ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಅಜ್ಜಿಯ ಬಾಯಿ ಕಟ್ಟಿಸಿದರೆ ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ, ಅಷ್ಟೆ.

ಈ ಸಂದೇಶದ ನಿಜವಾದ ಅಪಾಯ ಬೇರೆಡೆ ಇದೆ. ‘ಎರಡು ಭಾಷೆ ತಾನೇ, ನಿಧಾನವಾಗಿ ಬರುತ್ತದೆ’ ಎಂದು ಕಾದು ಕುಳಿತರೆ ಶ್ರವಣದೋಷವೋ ಬೇರೆ ತೊಂದರೆಯೋ ಗಮನಕ್ಕೆ ಬಾರದೆ ಹೋಗಬಹುದು. ಎರಡು ವರ್ಷವಾದರೂ ಯಾವ ಭಾಷೆಯಲ್ಲೂ ಪದ ಜೋಡಿಸದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ ಅಥವಾ ಬರುತ್ತಿದ್ದ ಮಾತು ನಿಂತುಹೋದರೆ ಮಕ್ಕಳ ವೈದ್ಯರನ್ನು ಕಾಣಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ.