ಒಳಚರಂಡಿಯಲ್ಲಿ ತೊಂಬತ್ತು ಮೀನು

ಜಡಿಮಳೆಯ ಆಟಿ ತಿಂಗಳು ಬಂತು ಅಂದರೆ ನಮ್ಮ ಮನೆ ಎದುರಿನ ಮ್ಯಾನ್‌ಹೋಲ್ ಉಕ್ಕುತ್ತದೆ. ಒಲೆ ಮೇಲಿಟ್ಟ ಹಾಲಿನ ಹಾಗೆ, ನೊರೆ ಸಮೇತ. ಬೈಕಿನವರು ಬೀಳದಿರಲಿ ಅಂತ ಯಾರೋ ಅದರ ಬಾಯಿಗೆ ತೆಂಗಿನ ಮಡಲು ಸಿಕ್ಕಿಸುತ್ತಾರೆ. ಮಂಗಳೂರಿನಲ್ಲಿ ಇದಕ್ಕೆ ಮುನ್ನೆಚ್ಚರಿಕೆ ಕ್ರಮ ಅನ್ನುತ್ತೇವೆ.

ಕಳೆದ ಮಳೆಗಾಲದಲ್ಲಿ, ರಭಸದಿಂದ ನೀರು ಹಾಯಿಸಿ ಕಟ್ಟಿಕೊಂಡ ಚರಂಡಿ ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು. ಒಳಗಿಂದ ಒಂದು ಮುದ್ದೆ ಎಳೆದು ಹಾಕಿದರು. ಸುಲಿದ ತೆಂಗಿನಕಾಯಿಯಷ್ಟು ದೊಡ್ಡದು, ಹಳಸಿದ ಬೆಣ್ಣೆಯ ಬಣ್ಣ. ನಡುವೆ ಒಂದು ಶಾಂಪೂ ಪ್ಯಾಕೆಟ್ ಹೂತುಕೊಂಡಿತ್ತು. “ಎಣ್ಣೆ ಜಿಡ್ಡು ಸರ್” ಅಂದರು. ಯಾರದ್ದು ಅಂತ ಕೇಳಿದೆ. “ಮೇಲಿಂದ ಬಂದದ್ದು” ಅಂದರು. ಮೇಲಿಂದ ಬಂದದ್ದನ್ನು ನಾವು ಯಾವತ್ತು ಪ್ರಶ್ನೆ ಮಾಡಿದ್ದುಂಟು? ಸುಮ್ಮನಾದೆ.

ಆದರೆ ಇರಲಾರದೆ ಇರುವೆ ಬಿಟ್ಟುಕೊಂಡವನ ಹಾಗೆ ಕಾನೂನು ಓದಲು ಕೂತೆ. 1986ರ ಪರಿಸರ ಸಂರಕ್ಷಣಾ ನಿಯಮಗಳಿಗೆ 1993ರಲ್ಲಿ ಸೇರಿಸಿದ ಒಂದು ಪಟ್ಟಿ ಉಂಟು. ಕಾರ್ಖಾನೆಯ ಕೊಳಚೆ ನೀರನ್ನು ಎಲ್ಲಿಗೆ, ಎಷ್ಟು ಕೊಳಕಾಗಿ ಬಿಡಬಹುದು ಅಂತ. ನಾಲ್ಕು ಕಾಲಂ: ನದಿ-ಕೆರೆಗೊಂದು, ಊರಿನ ಒಳಚರಂಡಿಗೊಂದು, ತೋಟ-ಗದ್ದೆಗೊಂದು, ಸಮುದ್ರಕ್ಕೊಂದು.

ನದಿಗೆ ಬಿಡುವ ನೀರಿನ ಬಿಓಡಿ, ಅಂದರೆ ಅದರ ಕೊಳಕು ಕೊಳೆಯುವಾಗ ತಿನ್ನುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಒಳಚರಂಡಿಗಾದರೆ 350ರವರೆಗೆ ನಡೆಯುತ್ತದೆ. ನೀರಿನಲ್ಲಿ ಕರಗದೆ ತೇಲಾಡುವ ಕಣ ನದಿಗೆ 100, ಚರಂಡಿಗೆ 600. ಇದರಲ್ಲಿ ಮೋಸವೇನಿಲ್ಲ. ಚರಂಡಿಯ ಪೈಪು ಕಾವೂರು, ಬಜಾಲ್, ಪಚ್ಚನಾಡಿಯ ಶುದ್ಧೀಕರಣ ಘಟಕಗಳಿಗೆ ಹೋಗುತ್ತದೆ, ಉಳಿದ ಕೊಳಕನ್ನು ಅಲ್ಲಿನ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ ಅನ್ನುವ ನಂಬಿಕೆ. ಅಂಥ ಘಟಕಕ್ಕೆ ಹೋಗದ ಚರಂಡಿಯಾದರೆ ಅದಕ್ಕೂ ನದಿಯ ಲೆಕ್ಕವೇ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ.

ಹಾಗಾದರೆ ನಮ್ಮ ಮನೆ ಎದುರು ಉಕ್ಕಿ, ರಸ್ತೆ ದಾಟಿ, ತೋಡಿಗಿಳಿದು ಫಲ್ಗುಣಿ ನದಿಗೆ ಹೋಗುವ ನೀರು ಯಾವ ಕಾಲಮ್ಮಿನದ್ದು? 350ರ ಪರ್ಮಿಟ್ ಹಿಡಿದು ಹೊರಟದ್ದು ದಾರಿಯಲ್ಲಿ ಬಸ್ ಇಳಿದ ಹಾಗಾಯಿತಲ್ಲ! ಒಂದು ಕಚೇರಿಗೆ ಫೋನ್ ಮಾಡಿ ಕೇಳಿದೆ. ಪೈಪಿನ ಒಳಗಿದ್ದರೆ ನಮ್ಮದು, ಹೊರಗೆ ಬಂದರೆ ನಮ್ಮದಲ್ಲ ಅಂದರು. ಹೊರಗೆ ಬಂದಿದ್ದಕ್ಕೇ ಫೋನ್ ಮಾಡಿದ್ದು ಅಂದೆ. ಅದಕ್ಕೇ ನಮ್ಮದಲ್ಲ ಅಂದೆವು ಅಂದರು. ತರ್ಕದಲ್ಲಿ ತಪ್ಪಿಲ್ಲ.

ಎಣ್ಣೆ ಜಿಡ್ಡಿಗೆ ಚರಂಡಿಯಲ್ಲಿ ಲೀಟರಿಗೆ 20 ಮಿಲಿಗ್ರಾಂ. ಒಂದು ಹನಿಗಿಂತ ಕಡಿಮೆ. ಆ ತೆಂಗಿನಕಾಯಿ ಮುದ್ದೆ ಎಷ್ಟು ಲೀಟರಿನದ್ದು ಅಂತ ಲೆಕ್ಕ ಹಾಕಲು ಕೂತು ಮಂಡೆ ಬಿಸಿಯಾಗಿ ಬಿಟ್ಟೆ. ಲೀಟರಿನ ಲೆಕ್ಕಕ್ಕೆ ಮದ್ದೂ ಸುಲಭ. ಬಾವಿ ನೀರು ಬೆರೆಸಿದರಾಯಿತು, ಕೊಳಕು ಅಷ್ಟೇ ಇರುತ್ತದೆ, ಅಂಕಿ ಇಳಿಯುತ್ತದೆ. ಹಾಲಿಗೆ ನೀರು ಹಾಕಿದರೆ ಕಳ್ಳ, ಕೊಳಚೆಗೆ ಹಾಕಿದರೆ ಪಾಸ್. ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಊರಿಗೆಲ್ಲ ರೇಷನಿಂಗ್ ಮಾಡಿದ 2019, 2023ರ ಬೇಸಿಗೆ ನೆನಪುಂಟಲ್ವಾ? ಆಗ ಅಂಕಿ ಇಳಿಸಲು ಎಲ್ಲಿಂದ ನೀರು ತಂದರೋ!

ವಾಸನೆ? ನದಿಯ ಕಾಲಂನಲ್ಲಿ, ಬಣ್ಣ-ದುರ್ವಾಸನೆ ತೆಗೆಯಲು ಆದಷ್ಟು ಪ್ರಯತ್ನ ಮಾಡಿ ಅಂತ ಉಂಟು. ಚರಂಡಿಯ ಕಾಲಂನಲ್ಲಿ ಬರೀ ಒಂದು ಗೀಟು. ಆ ಗೀಟಿನ ಪಕ್ಕದಲ್ಲೇ ನಮ್ಮ ಮನೆ.

ನನಗೆ ಜಾಸ್ತಿ ಇಷ್ಟವಾದದ್ದು ಮೀನಿನ ಪರೀಕ್ಷೆ. ಒಂದು ತೊಟ್ಟೂ ಬೇರೆ ನೀರು ಬೆರೆಸದ ಕೊಳಚೆಯಲ್ಲಿ ಮೀನು ಬಿಡಬೇಕು. 96 ಗಂಟೆ ಕಳೆದ ಮೇಲೆ ನೂರರಲ್ಲಿ ತೊಂಬತ್ತು ಬದುಕಿರಬೇಕು. ನಾಲ್ಕೂ ಕಾಲಮ್ಮಿಗೆ ಇದೇ ನಿಯಮ. ಬೂತಾಯಿಯಾದರೆ ಬಲೆ ಕಂಡೇ ಸಾಯುವ ಜಾತಿ, ಪಾಪ. ಬುದ್ಧಿವಂತ ಮಾಲೀಕ ಮುಗುಡು ಆರಿಸುತ್ತಾನೆ, ಅದು ಕೆಸರಿನಲ್ಲೂ ಬದುಕುತ್ತದೆ. ಇನ್ನು ಗುರುವಾರ ಬಿಟ್ಟ ಮೀನನ್ನು ಸೋಮವಾರ ಎಣಿಸಬೇಕು. ನಡುವೆ ಎರಡನೇ ಶನಿವಾರ, ಭಾನುವಾರ. ರಜೆಯಲ್ಲಿ ಸತ್ತ ಮೀನಿಗೆ ಸಾಕ್ಷಿ ಯಾರು?

ಈ ಕೆಲಸಕ್ಕೆ ನಮ್ಮೂರಲ್ಲಿ ಜನರಿಗೇನು ಬರವೇ? ದಕ್ಕೆಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕ ಕಿವಿರು ಎತ್ತಿದರೆ ಸಾಕು, ಎಷ್ಟು ಹೊತ್ತಿಗೆ ಸತ್ತದ್ದು ಅಂತ ಹೇಳುತ್ತಾರೆ. ಮೊನ್ನೆ ಬೆಳಿಗ್ಗೆ ಅವರಿಗೇ ಎಲ್ಲ ವಿವರಿಸಿದೆ. ಮ್ಯಾನ್‌ಹೋಲಿನಿಂದ ಮಾರು ದೂರ ಬುಟ್ಟಿ ಇಳಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದರು.

“ನೂರರಲ್ಲಿ ತೊಂಬತ್ತು ಬದುಕಿದ್ರೆ ಪಾಸಾ?”

“ಪಾಸು ಅಕ್ಕಾ.”

“ಉಳಿದ ಹತ್ತು ಎಂತ ಮಾಡ್ತಾರೆ ಮಾರಾಯ್ರೆ, ಮಾರ್ತಾರಾ?”

ಅದು ಪಟ್ಟಿಯಲ್ಲಿ ಇರಲಿಲ್ಲ. ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡಿ ಆರು ತೆಗೆದುಕೊಂಡೆ.