ಫೈಲಿನ ಮೂಲೆ ಮಡಚಿದ್ದರೆ ಏನರ್ಥ?

ಕ್ಲಿನಿಕ್ಕಿನ ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸಿಬಿಡೋಣ ಎಂದು ಡಾಕ್ಟರರು ತೀರ್ಮಾನಿಸುತ್ತಾರೆ. ತಮಗೆ ಪುರುಸೊತ್ತಿಲ್ಲದ ಕಾರಣ ಸಾಫ್ಟ್‌ವೇರ್ ಆರಿಸಿ ಕೂರಿಸಿಕೊಡುವ ಒಬ್ಬ ಕನ್ಸಲ್ಟೆಂಟರನ್ನು ಗೊತ್ತುಮಾಡುತ್ತಾರೆ. ಬಂದವರು ಲ್ಯಾಪ್‌ಟಾಪ್ ಬಿಚ್ಚಿ ಮೊದಲ ಪ್ರಶ್ನೆ ಹಾಕುತ್ತಾರೆ: "ಲ್ಯಾಬ್ ರಿಪೋರ್ಟ್ ಬಂದರೆ ಮೊದಲು ನೋಡುವವರು ಯಾರು?" ಡಾಕ್ಟರು "ನಾನೇ" ಎನ್ನುತ್ತಾರೆ. ಹೊರಗೆ ರಿಸೆಪ್ಷನ್ ಮೇಜಿನ ಕಡೆಯಿಂದ ಒಂದು ಕೆಮ್ಮು ಕೇಳಿಸುತ್ತದೆ. ಔಷಧಿ ಬರೆಯುವ ಜಾತಿಯ ಕೆಮ್ಮಲ್ಲ ಅದು. ಅದನ್ನು ಕನ್ಸಲ್ಟೆಂಟರು ಕೇಳಿಸಿಕೊಂಡರೋ ಇಲ್ಲವೋ ಎಂಬುದರ ಮೇಲೆ ಇಡೀ ಯೋಜನೆಯ ಹಣೆಬರಹ ನಿಂತಿರುತ್ತದೆ.

ಕ್ಲಿನಿಕ್ ಹೇಗೆ ನಡೆಯುತ್ತದೆ ಎಂಬುದು ಡಾಕ್ಟರರಿಗೆ ಗೊತ್ತಿರುವುದು ತಮ್ಮ ಕೋಣೆಯ ಬಾಗಿಲಿನವರೆಗೆ ಮಾತ್ರ. ಅದರಾಚೆಗಿನ ರಾಜ್ಯದಲ್ಲಿ ಬೇರೆಯೇ ಲಿಪಿ. ಫೈಲಿನ ಮೂಲೆ ಮಡಚಿದ್ದರೆ ಬಾಕಿ ಹಣವಿದೆ. ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಇದೇ ಹೆಸರಿನವರು ಇನ್ನೊಬ್ಬರಿದ್ದಾರೆ, ಜೋಕೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ "ಎಡಗಿವಿ" ಎಂದಿದ್ದರೆ ಕಿವಿಗೆ ರೋಗ ಬಂದಿದೆ ಎಂದಲ್ಲ, ಎಡಗಡೆ ನಿಂತು ಮಾತಾಡಿ, ಬಲಗಿವಿ ಕೇಳಿಸದು ಎಂದು. ಟ್ರೇಯಲ್ಲಿ ಫೈಲು ಅಡ್ಡ ಮಲಗಿದ್ದರೆ ತುರ್ತು. ಇವುಗಳಲ್ಲಿ ಒಂದಕ್ಕೂ ಸಾಫ್ಟ್‌ವೇರಿನಲ್ಲಿ ಖಾನೆಯಿಲ್ಲ. ಕೆಲಸ ಬಲ್ಲ ಕನ್ಸಲ್ಟೆಂಟರು ಮೊದಲು ಕೂರುವುದು ಈ ಮೇಜಿನ ಪಕ್ಕದಲ್ಲೇ. ಒಬ್ಬ ರೋಗಿ ಬಾಗಿಲು ದಾಟಿದಲ್ಲಿಂದ ರಸೀದಿ ಹಿಡಿದು ಹೊರಡುವವರೆಗೆ ಯಾವ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಎಷ್ಟು ಹೊತ್ತು ಬಿದ್ದಿತ್ತು ಎಂದು ಬರೆದುಕೊಳ್ಳುತ್ತಾರೆ. ಕೆಲಸ ಬಾರದವರು ಸಿದ್ಧ ನಕ್ಷೆಯೊಂದನ್ನು ಗೋಡೆಗೆ ಹಾಯಿಸುತ್ತಾರೆ. ಅದರ ಅಡಿಯಲ್ಲಿ ಹಿಂದಿನ ಕ್ಲಿನಿಕ್ಕಿನ ಹೆಸರು ಹಾಗೇ ಉಳಿದಿರುತ್ತದೆ.

ಗೊತ್ತುಮಾಡುವ ಮುಂಚೆಯೇ ಒಂದು ಮಾತು ನೇರವಾಗಿ ಕೇಳಬೇಕು: ಸಾಫ್ಟ್‌ವೇರ್ ಮಾರುವ ಕಂಪನಿಯಿಂದ ನಿಮಗೆ ಕಮಿಷನ್ ಬರುತ್ತದೆಯೇ? ಬಂದರೆ ತಪ್ಪೇನಿಲ್ಲ, ಆದರೆ "ಹತ್ತಾರು ಸಾಫ್ಟ್‌ವೇರ್ ತೂಗಿ ನೋಡಿದೆ" ಎಂಬ ಮಾತಿನಲ್ಲಿ ತಕ್ಕಡಿ ಯಾರದ್ದೆಂದು ತಿಳಿದಿರಲಿ. ಇನ್ನು ಡೆಮೊ. ಡೆಮೊದಲ್ಲಿ ಬರುವ ರೋಗಿಯಂಥ ಸಜ್ಜನ ಭೂಮಿಯ ಮೇಲಿಲ್ಲ. ಅವನಿಗೆ ಒಂದೇ ಕಾಯಿಲೆ, ಅದೂ ಗಂಟಲು ನೋವು. ಮೂರು ಕ್ಲಿಕ್ಕಿನಲ್ಲಿ ಗುಣವಾಗಿ ಹೋಗುತ್ತಾನೆ. ಆದ್ದರಿಂದ ಡೆಮೊಗೆ ರೋಗಿಯನ್ನು ನೀವೇ ಒದಗಿಸಬೇಕು: ಎಪ್ಪತ್ತರ ಅಜ್ಜಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು. ಎಂಟು ಮಾತ್ರೆಗಳಲ್ಲಿ ಎರಡರ ಪ್ರಮಾಣ ಬದಲಾಗಬೇಕು, ಒಂದನ್ನು ನಿಲ್ಲಿಸಬೇಕು. ನಡುವೆ ಇನ್ನೊಬ್ಬ ರೋಗಿಯ ಬಗ್ಗೆ ಔಷಧಿ ಅಂಗಡಿಯಿಂದ ಫೋನು. ಅರ್ಧ ಬರೆದ ಅಜ್ಜಿಯನ್ನು ಹಾಗೇ ಬಿಟ್ಟು ಆ ದಾಖಲೆ ತೆರೆದು ವಾಪಸು ಬನ್ನಿ ಎನ್ನಿ. ಮಾರಾಟಗಾರರ ಹಣೆಯಲ್ಲಿ ಬೆವರು ಮೂಡುವುದು ಇಲ್ಲೇ.

ಕನ್ಸಲ್ಟೆಂಟರೊಂದಿಗಿನ ಒಪ್ಪಂದದಲ್ಲಿ "ಅನುಷ್ಠಾನ ಮಾಡಿಕೊಡಲಾಗುವುದು" ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ಹಳೆಯ ದಾಖಲೆ ಎಷ್ಟು ಏರಿಸುತ್ತಾರೆ, ಲ್ಯಾಬಿನ ಕಂಪ್ಯೂಟರಿನೊಂದಿಗೆ ಜೋಡಣೆಯ ಖರ್ಚು ಯಾರದು, ಶುರುವಾದ ಮೇಲೆ ಎಷ್ಟು ದಿನ ಕ್ಲಿನಿಕ್ಕಿನೊಳಗೇ ನಿಂತಿರುತ್ತಾರೆ, ಹಣ ಯಾವ ಹಂತ ಮುಗಿದ ಮೇಲೆ ಎಷ್ಟು, ಎಲ್ಲ ಬರೆದಿರಬೇಕು. ಮುಂದೆ ಆ ಸಾಫ್ಟ್‌ವೇರ್ ಬೇಡವೆನಿಸಿದರೆ ನಮ್ಮ ಮಾಹಿತಿಯನ್ನು ಬೇರೆಯವರು ಓದಬಲ್ಲ ರೂಪದಲ್ಲಿ ವಾಪಸು ಕೊಡಬೇಕೆಂಬ ಸಾಲು ಸಾಫ್ಟ್‌ವೇರ್ ಕಂಪನಿಯ ಒಪ್ಪಂದದಲ್ಲಿರಬೇಕು, ಅದನ್ನು ಹಾಕಿಸುವುದು ಕನ್ಸಲ್ಟೆಂಟರ ಕೆಲಸ. ಇಲ್ಲದಿದ್ದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಸಾವಿರಾರು ರೋಗಿಗಳ ಚರಿತ್ರೆ ಚಿತ್ರರೂಪದ ಪಿಡಿಎಫ್ ರಾಶಿಯಾಗಿ ಮರಳುತ್ತದೆ.

ಹಳೆಯ ಫೈಲುಗಳ ವಿಷಯಕ್ಕೆ ಬಂದರೆ ಎಲ್ಲರಿಗೂ ಒಂದೇ ಆಸೆ, ಎಲ್ಲವನ್ನೂ ಸ್ಕ್ಯಾನ್ ಮಾಡಿಬಿಡೋಣ. ಮಾಡಿದವರ ಬಳಿ "ಸ್ಕ್ಯಾನ್0001"ರಿಂದ ಶುರುವಾಗಿ ಐದಂಕಿ ದಾಟಿದ ಚಿತ್ರಗಳಿರುತ್ತವೆ, ಯಾರದ್ದು ಯಾವುದೆಂದು ದೇವರಿಗೇ ಗೊತ್ತು. ಕಳೆದ ಎರಡು ವರ್ಷದಲ್ಲಿ ಬಂದುಹೋದವರನ್ನಷ್ಟೇ ಆರಿಸಿಕೊಂಡು, ಅವರ ಮುಂದಿನ ಭೇಟಿಗೆ ಮುಂಚೆ ನಾಲ್ಕು ಸಂಗತಿಗಳನ್ನು ಕೈಯಾರೆ ಟೈಪು ಮಾಡುವುದು ವಾಸಿ: ಕಾಯಿಲೆಗಳ ಪಟ್ಟಿ, ಈಗ ನುಂಗುತ್ತಿರುವ ಔಷಧಿ, ಅಲರ್ಜಿ, ಹಾಕಿಸಿಕೊಂಡ ಲಸಿಕೆ. ಮುಖ್ಯವಾದ ಒಂದೆರಡು ಹಳೆಯ ರಿಪೋರ್ಟುಗಳನ್ನು ಸ್ಕ್ಯಾನ್ ಮಾಡಿ ಹೆಸರು, ದಿನಾಂಕದೊಂದಿಗೆ ಸೇರಿಸಿದರೆ ಸಾಕು. ಅಲರ್ಜಿಯನ್ನು ಮಾತ್ರ ಪಟ್ಟಿಯಿಂದಲೇ ಆರಿಸಬೇಕು. "ಪೆನಿಸಿಲಿನ್ ಆಗಲ್ಲ ಅಂದ್ರು" ಎಂದು ಟಿಪ್ಪಣಿಯಲ್ಲಿ ಬರೆದರೆ ಮನುಷ್ಯರಿಗೆ ಅರ್ಥವಾಗುತ್ತದೆ, ಕಂಪ್ಯೂಟರಿಗೆ ಅದು ಬರೀ ಅಕ್ಷರ. ಪೆನಿಸಿಲಿನ್ ಜಾತಿಯದೇ ಆದ ಅಮಾಕ್ಸಿಸಿಲಿನ್ ಬರೆದಾಗ ಅದು ತುಟಿ ಬಿಚ್ಚುವುದಿಲ್ಲ.

ಆ ಟೈಪಿಂಗ್‌ನಲ್ಲಿ ನಡೆಯುವ ಅನಾಹುತಗಳದ್ದೇ ಒಂದು ಪುರಾಣ. ಜನ್ಮದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1 ಹಾಕಿ, ಅರ್ಧ ಊರೇ ಒಂದೇ ದಿನ ಹುಟ್ಟಿರುತ್ತದೆ. ಹೆಸರು, ಹುಟ್ಟಿದ ದಿನ ನೋಡಿ ನಕಲು ದಾಖಲೆ ಹಿಡಿಯುವ ಸಾಫ್ಟ್‌ವೇರ್ ಆಗ ಇಬ್ಬರು ಬೇರೆಬೇರೆಯವರನ್ನು ಒಬ್ಬರೆಂದು ಹಟ ಹಿಡಿಯುತ್ತದೆ. 05/06 ಎಂದರೆ ಜೂನ್ ಐದೋ ಮೇ ಆರೋ ಎಂಬುದು ಹಳೆಯ ಮತ್ತು ಹೊಸ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಬಗೆಹರಿಸಿಕೊಳ್ಳದ ಜಗಳ. ತೂಕದ ಖಾನೆಯಂತೂ ನಗುವ ವಿಷಯವಲ್ಲ. ಪೌಂಡಿನಲ್ಲಿ ತೂಗಿದ್ದನ್ನು ಕಿಲೋ ಎಂದು ಹಾಕಿದರೆ ಮಗು 2.2 ಪಟ್ಟು ದಪ್ಪವಾಗುತ್ತದೆ, ತೂಕ ನೋಡಿ ಲೆಕ್ಕ ಹಾಕುವ ಔಷಧಿಯ ಪ್ರಮಾಣವೂ ಅಷ್ಟೇ ಪಟ್ಟು ಏರುತ್ತದೆ. ತಕ್ಕಡಿ ಯಾವ ಅಳತೆ ತೋರಿಸುತ್ತದೋ ಖಾನೆಯೂ ಅದನ್ನೇ ಕೇಳುವಂತೆ ಮಾಡಿಸಿ.

ಲ್ಯಾಬಿನ ಜೋಡಣೆ ಎಲ್ಲಕ್ಕಿಂತ ನಿಧಾನದ ಕೆಲಸ, ಎಲ್ಲರೂ ಕೊನೆಗೆ ನೆನೆಸಿಕೊಳ್ಳುವುದೂ ಅದನ್ನೇ. ಲ್ಯಾಬು ಕಳಿಸುವ ಸಂದೇಶ ಹೆಚ್ಚಾಗಿ ಎಚ್‌ಎಲ್7 ಎಂಬ ಮಾದರಿಯದು. ಅದರಲ್ಲಿ ಪಿಐಡಿ ಎಂಬ ಸಾಲಿನಲ್ಲಿ ರೋಗಿ, ಒಬಿಆರ್ ಸಾಲಿನಲ್ಲಿ ಯಾವ ಪರೀಕ್ಷೆ, ಒಬಿಎಕ್ಸ್ ಸಾಲಿನಲ್ಲಿ ಫಲಿತಾಂಶ. ಮಾದರಿ ಒಂದೇ ಆದರೂ ಪರೀಕ್ಷೆಗಳಿಗೆ ಲ್ಯಾಬುಗಳು ತಮಗೆ ತೋಚಿದ ಹೆಸರಿಡುತ್ತವೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಒಂದೇ ರಕ್ತಪರೀಕ್ಷೆಗೆ ಒಂದರಲ್ಲಿ "ಎಚ್‌ಬಿಎ1ಸಿ", ಇನ್ನೊಂದರಲ್ಲಿ "ಗ್ಲೈಕೇಟೆಡ್", ಮತ್ತೊಂದರಲ್ಲಿ ಬರೀ "ಎ1ಸಿ". ಇವೆಲ್ಲವನ್ನೂ ಲಾಯಿಂಕ್ ಎಂಬ, ಲ್ಯಾಬ್ ಪರೀಕ್ಷೆಗಳಿಗೆ ಎಲ್ಲೆಡೆ ಒಂದೇ ಗುರುತು ಕೊಡುವ ಸಂಕೇತಗಳಲ್ಲಿ 4548-4ಕ್ಕೆ ಗಂಟು ಹಾಕದಿದ್ದರೆ ಒಬ್ಬನೇ ರೋಗಿಯ ಸಕ್ಕರೆಗೆ ಮೂರು ಗ್ರಾಫುಗಳು, ಒಂದೊಂದರಲ್ಲಿ ಎರಡೆರಡು ಚುಕ್ಕಿ. ಏರಿತೋ ಇಳಿಯಿತೋ ಹೇಳಲು ಜ್ಯೋತಿಷಿಯೇ ಬೇಕು. ಈ ಗಂಟು ಹಾಕುವ ಕೆಲಸಕ್ಕೆ ಮೊದಲ ದಿನವೇ ಲ್ಯಾಬಿಗೆ ಪತ್ರ ಹೋಗಬೇಕು. ಬಂದ ಫಲಿತಾಂಶ ಯಾರ ಪೆಟ್ಟಿಗೆಗೆ ಬೀಳಬೇಕು, ಅವರು ರಜೆಯಲ್ಲಿದ್ದರೆ ಯಾರಿಗೆ ಎಂಬುದನ್ನೂ ಆಗಲೇ ತೀರ್ಮಾನಿಸಬೇಕು. ಇಲ್ಲದಿದ್ದರೆ ರಿಪೋರ್ಟುಗಳೆಲ್ಲ ಕೆಲಸ ಬಿಟ್ಟುಹೋದ ಡಾಕ್ಟರರ ಪೆಟ್ಟಿಗೆಯಲ್ಲಿ ನೆಮ್ಮದಿಯಾಗಿ ಸೇರಿಕೊಳ್ಳುತ್ತವೆ.

ಟೆಂಪ್ಲೇಟುಗಳು, ಅಂದರೆ ಟಿಪ್ಪಣಿಯ ಸಿದ್ಧ ಅಚ್ಚುಗಳು, ಡಾಕ್ಟರರ ಪ್ರೀತಿಯ ಆಟಿಕೆ. ಲಾರೆನ್ಸ್ ವೀಡ್ ಎಂಬ ವೈದ್ಯರು 1968ರಲ್ಲಿ ಪ್ರಕಟಿಸಿದ ಲೇಖನದಿಂದ, ದಾಖಲೆಯನ್ನು ರೋಗಿಯ ಸಮಸ್ಯೆಗಳ ಸುತ್ತ ಕಟ್ಟುವ ಪದ್ಧತಿ ಬೆಳೆಯಿತು. ರೋಗಿ ಹೇಳಿದ್ದು, ಡಾಕ್ಟರು ಕಂಡದ್ದು, ತೀರ್ಮಾನಿಸಿದ್ದು, ಮುಂದೆ ಮಾಡುವುದು, ನಾಲ್ಕೇ ಭಾಗ. ಈಗ ಒಂದು ಗುಂಡಿ ಒತ್ತಿದರೆ "ಕಂಡದ್ದು" ತಾನಾಗಿಯೇ ಎರಡು ಪುಟ ತುಂಬುತ್ತದೆ, ಕಾಣದಿದ್ದರೂ. ಒಂದು ಕಾಲು ಕಳೆದುಕೊಂಡವರ ದಾಖಲೆಯಲ್ಲಿ "ಎರಡೂ ಪಾದಗಳ ನಾಡಿ ಚೆನ್ನಾಗಿದೆ" ಎಂದಿರುತ್ತದೆ. ಹಿಂದಿನ ಭೇಟಿಯ ಟಿಪ್ಪಣಿಯನ್ನು ಎತ್ತಿ ಅಂಟಿಸುವ ಸೌಲಭ್ಯ ಕೊಟ್ಟರಂತೂ "ನಾಳೆ ಹೊಲಿಗೆ ಬಿಚ್ಚುವುದು" ಎಂಬ ಸಾಲು ಮೂರು ವರ್ಷ ನಾಳೆಯಾಗಿಯೇ ಉಳಿಯುತ್ತದೆ. "ಎಲ್ಲ ಸರಿಯಿದೆ" ಎಂದು ಮೊದಲೇ ತುಂಬಿದ ಟೆಂಪ್ಲೇಟನ್ನು ಕೊಡದೆ, ಮುಟ್ಟಿದ ಅಂಗಕ್ಕೆ ಮಾತ್ರ ಸಾಲು ಮೂಡುವಂಥದ್ದನ್ನು ಕಟ್ಟಿಕೊಡುವವರು ಒಳ್ಳೆಯ ಕನ್ಸಲ್ಟೆಂಟರು. ಡಾಕ್ಟರರು ಅವರನ್ನು ಮೊದಲ ವಾರ ಬೈಯುತ್ತಾರೆ.

ರೋಗದ ಸಂಕೇತಗಳ ಪಟ್ಟಿಯನ್ನೂ ಹಾಗೇ ಬಿಡುವಂತಿಲ್ಲ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಾದ, ಐಸಿಡಿ-10 ಎಂಬ ಅಂತರರಾಷ್ಟ್ರೀಯ ರೋಗಪಟ್ಟಿಯ ರೂಪದಲ್ಲಿ ಬಾತುಕೋಳಿ ಹೊಡೆದದ್ದಕ್ಕೂ ಸಂಕೇತವಿದೆ, ಡಬ್ಲ್ಯು61.62. ಜೆಟ್ ಎಂಜಿನ್ನಿನೊಳಗೆ ಸೆಳೆದುಕೊಂಡು ಹೋದವರಿಗೆ ವಿ97.33. ಅವರು ಮತ್ತೆ ತೋರಿಸಲು ಬಂದರೆ ಕೊನೆಯಲ್ಲಿ ಬೇರೆ ಅಕ್ಷರ, ಅಂದರೆ ಬರುತ್ತಾರೆಂಬ ಆಶಾವಾದ. ಕಳೆದ ವರ್ಷದ ಬಿಲ್ಲುಗಳಿಂದ ನಿಮ್ಮಲ್ಲಿ ಹೆಚ್ಚು ಬಳಕೆಯಾದ ನೂರು ರೋಗಗಳನ್ನು ಹೆಕ್ಕಿ ಮೇಲ್ಗಡೆ ಕೂರಿಸಬೇಕು. ಇಲ್ಲದಿದ್ದರೆ ಅವಸರದಲ್ಲಿ ಡಾಕ್ಟರರು ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತುತ್ತಾರೆ, ನೆಗಡಿಗೆ ಬಂದವನು ಬಾತುಕೋಳಿಯ ಪೆಟ್ಟು ತಿಂದು ಮನೆಗೆ ಹೋಗುತ್ತಾನೆ.

ಎಚ್ಚರಿಕೆಗಳದ್ದು ಇನ್ನೊಂದು ಕಥೆ. ಔಷಧಿ ಬರೆಯುವಾಗ ಬರುವ ಎಚ್ಚರಿಕೆಗಳಲ್ಲಿ 49ರಿಂದ 96 ಪ್ರತಿಶತದಷ್ಟನ್ನು ವೈದ್ಯರು ತಳ್ಳಿಹಾಕುತ್ತಾರೆಂದು 2006ರ ಒಂದು ಸಮೀಕ್ಷಾ ಲೇಖನ ತೋರಿಸಿತ್ತು. ಅವರನ್ನು ದೂರಿ ಫಲವಿಲ್ಲ. ಎಲ್ಲದಕ್ಕೂ ಕೆಂಪು ಪೆಟ್ಟಿಗೆ ಎದ್ದು ನಿಂತರೆ ಬೆರಳು ತಾನಾಗಿಯೇ "ಸರಿ" ಒತ್ತುವುದನ್ನು ಕಲಿಯುತ್ತದೆ. ಜೀವಕ್ಕೆ ಅಪಾಯವಾಗುವಂಥದ್ದು ಮಾತ್ರ ದಾರಿ ಅಡ್ಡಗಟ್ಟಲಿ, ಉಳಿದದ್ದು ಬದಿಯಲ್ಲಿ ಸಣ್ಣಗೆ ಕಾಣಲಿ.

ವೈರು, ಪ್ರಿಂಟರು, ಮೇಜು ಮುಂತಾದವನ್ನು ಸಾಫ್ಟ್‌ವೇರಿನವರು ಕೀಳು ವಿಷಯವೆಂದು ಬಗೆಯುತ್ತಾರೆ. ಎಕ್ಸ್‌ರೇ ಕೋಣೆಯ ಗೋಡೆಯಲ್ಲಿ ಸೀಸದ ಹಾಳೆ ಇದ್ದರೆ ಅದರಾಚೆ ವೈಫೈ ಸರಿಯಾಗಿ ಹಾಯುವುದಿಲ್ಲ. ಟ್ಯಾಬ್ಲೆಟ್ ಹಿಡಿದ ನರ್ಸು ಆ ಗೋಡೆ ದಾಟಿದ ಕೂಡಲೇ ಬರೆದದ್ದೆಲ್ಲ ಮಾಯ. ಪ್ರತಿ ಕೋಣೆಯಲ್ಲೂ ಬಾಗಿಲು ಹಾಕಿ ಸಿಗ್ನಲ್ ಅಳೆಯಬೇಕು. ಯಾವ ಕೋಣೆಯಿಂದ ಒತ್ತಿದರೆ ಯಾವ ಪ್ರಿಂಟರು ಎಂಬುದನ್ನು ಒಂದೊಂದಾಗಿ ಪರೀಕ್ಷಿಸದಿದ್ದರೆ ಒಬ್ಬರ ಔಷಧಿ ಚೀಟಿ ಕಾಯುವವರ ಮಧ್ಯೆ ಎಲ್ಲರೂ ಓದುವಂತೆ ಹೊರಬರುತ್ತದೆ. ಪರದೆ ಗೋಡೆಗಿದ್ದರೆ ರೋಗಿಗೆ ಕಾಣುವುದು ಡಾಕ್ಟರರ ಬೆನ್ನು. ಪರದೆಯನ್ನು ಹಿಡಿದು ತಿರುಗುವ ಒಂದು ಸ್ಟ್ಯಾಂಡ್ ಹಾಕಿಸಿದರೆ ಮುಗಿಯುತ್ತದೆ, ಆದರೆ ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ತರಬೇತಿಯನ್ನು ಮೂರು ತಿಂಗಳು ಮುಂಚೆ ಕೊಟ್ಟರೆ ಮರೆತುಹೋಗುತ್ತದೆ, ಹಿಂದಿನ ದಿನ ಕೊಟ್ಟರೆ ತಲೆಗೆ ಹತ್ತುವುದಿಲ್ಲ. ಎರಡು ವಾರ ಮುಂಚೆ, ಪ್ರತ್ಯೇಕ ಅಭ್ಯಾಸದ ಪ್ರತಿಯಲ್ಲಿ, ಅವರವರ ಕೆಲಸಕ್ಕೆ ತಕ್ಕಂತೆ ಕೊಡಬೇಕು. ಅಸಲಿ ಪ್ರತಿಯಲ್ಲೇ ಕಲಿಸಿದರೆ "ಪರೀಕ್ಷಾ ರೋಗಿ" ಎಂಬ ಮಹಾನುಭಾವ ಅಲ್ಲೇ ಉಳಿದುಬಿಡುತ್ತಾನೆ. ಅವನಿಗೆ ಬಿಲ್ ಹೋಗುತ್ತದೆ, ಲಸಿಕೆಯ ನೆನಪೋಲೆ ಹೋಗುತ್ತದೆ, ತಿಂಗಳ ವರದಿಯಲ್ಲಿ ಅತಿ ಹೆಚ್ಚು ಕಾಯಿಲೆಯವನೂ ಅವನೇ.

ಶುರುಮಾಡುವ ದಿನ ಸೋಮವಾರ ಬೇಡ, ವಾರದ ನಡುವೆ ಇರಲಿ. ಮೊದಲ ಎರಡು ವಾರ ಅರ್ಧದಷ್ಟೇ ರೋಗಿಗಳನ್ನು ಕರೆಯಿರಿ. ಈ ಮಾತು ಹೇಳಿದಾಗ ಡಾಕ್ಟರರ ಮುಖ ಸಣ್ಣದಾಗುತ್ತದೆ, ಆದರೆ ಪೂರ್ತಿ ಕರೆದರೂ ನೋಡಲಾಗುವುದು ಅರ್ಧವೇ, ಉಳಿದರ್ಧ ಹೊರಗೆ ಕೂತು ಬೈಯುತ್ತಿರುತ್ತದೆ. ಕಂಪ್ಯೂಟರ್ ನಿಂತಾಗ ಏನು ಮಾಡಬೇಕೆಂಬ ಸೂಚನೆಯನ್ನು ಬಹಳ ಕಡೆ ಚೆಂದವಾಗಿ ಬರೆದು ಅದೇ ಕಂಪ್ಯೂಟರಿನೊಳಗೆ ಇಟ್ಟಿರುತ್ತಾರೆ. ಅದು ಕಾಗದದ ಮೇಲಿರಬೇಕು, ಜೊತೆಗೆ ಒಂದು ದಿನಕ್ಕಾಗುವಷ್ಟು ಖಾಲಿ ನಮೂನೆಗಳು, ಎರಡು ಪೆನ್ನು. ಲಾಗಿನ್ ಒಬ್ಬೊಬ್ಬರಿಗೂ ಬೇರೆಯಿರಲಿ. ಒಂದೇ ಪಾಸ್‌ವರ್ಡಿನಲ್ಲಿ ಎಲ್ಲರೂ ಕೆಲಸ ಮಾಡಿದ ಕಡೆ ದಾಖಲೆಯ ಪ್ರಕಾರ ಒಬ್ಬಳೇ ನರ್ಸು ಮೂರು ಕೋಣೆಗಳಲ್ಲಿ ಏಕಕಾಲಕ್ಕೆ ಇಂಜೆಕ್ಷನ್ ಕೊಟ್ಟಿರುತ್ತಾಳೆ.

ಹೊಳೆ ದಾಟುವ ಮುಂಚೆಯೇ ಅಂಬಿಗನ ಪೂರ್ತಿ ಬಾಕಿ ತೀರಿಸಿಬಿಡುವುದು ಕ್ಲಿನಿಕ್ಕುಗಳ ಅಭ್ಯಾಸ. ಕೊನೆಯ ಕಂತನ್ನು ಹಿಡಿದಿಟ್ಟುಕೊಳ್ಳಿ, ಕನ್ಸಲ್ಟೆಂಟರಿಗೆ ಒಂದು ವಾರ ಬರಬೇಡಿ ಎನ್ನಿ. ಆ ವಾರದಲ್ಲಿ ಕ್ಲಿನಿಕ್ಕಿನವರೇ ಹೊಸಬರೊಬ್ಬರಿಗೆ ಲಾಗಿನ್ ಮಾಡಿಕೊಡಬೇಕು, ಒಂದು ಟೆಂಪ್ಲೇಟಿನ ಸಾಲು ತಿದ್ದಬೇಕು, ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಒಬ್ಬ ರೋಗಿಯ ದಾಖಲೆ ಓದಿ ತೋರಿಸಬೇಕು. ಬ್ಯಾಕಪ್ ತೆಗೆದ ಸಂದೇಶ ದಿನವೂ ಬರುತ್ತಿದ್ದು, ತೆರೆದರೆ ಖಾಲಿ ಇರುವುದುಂಟು. ಈ ಮೂರರಲ್ಲಿ ಯಾವುದಕ್ಕಾದರೂ ಕನ್ಸಲ್ಟೆಂಟರಿಗೆ ಫೋನು ಮಾಡಿ ಅಡ್ಮಿನ್ ಪಾಸ್‌ವರ್ಡ್ ಕೇಳಬೇಕಾಗಿ ಬಂದರೆ ಕಂತು ಇನ್ನೊಂದು ತಿಂಗಳು ನಿಮ್ಮ ಡ್ರಾಯರಿನಲ್ಲೇ ಇರಲಿ.