ಯೊರುಬಾದ ‘ಯೀ’ ನಮ್ಮ ‘ಈ’ ಅಲ್ಲ

ನೈಜೀರಿಯಾದ ಯೊರುಬಾ ಭಾಷೆಯವರು ‘ಈ ಮನೆ’ ಎನ್ನಲು ‘ಯೀ’ ಬಳಸುತ್ತಾರೆ, ಅದು ಕನ್ನಡದ ‘ಈ’ಯೇ, ಅಲ್ಲಿನ ಎಲ್ಲ ಉಪಭಾಷೆಗಳಲ್ಲೂ ಹಾಗೆಯೇ ಇದೆ ಎಂಬ ಮಾತು ಹರಿದಾಡುತ್ತಿದೆ. ಕೇಳಲು ಸೊಗಸು, ಆದರೆ ನಿಜವಲ್ಲ.

‘ಇಲೆ’ ಎಂದರೆ ಮನೆ. ‘ಇಲೆ ಯೀ’ ಈ ಮನೆ, ‘ಇಲೆ ಯೆನ್’ ಆ ಮನೆ. ನಮ್ಮ ‘ಈ’ ನಾಮಪದಕ್ಕಿಂತ ಮೊದಲು ನಿಂತರೆ ಅವರದ್ದು ನಾಮಪದದ ನಂತರ ಬರುತ್ತದೆ. ಸ್ವರದ ಏರಿಳಿತವೂ ಪದದ ಅಂಗವೇ: ‘ಯೀ’ ತಗ್ಗಿನಲ್ಲಿ ಹುಟ್ಟಿ ಮೇಲೇರುತ್ತದೆ. ಒಂಟಿಯಾಗಿ ನಿಂತಾಗ ಅದು ‘ಎಯಿ’. ನಮ್ಮ ಇವನು, ಇವಳು, ಇದು ಎಂಬ ಲಿಂಗಭೇದ ಅಲ್ಲಿಲ್ಲ. ‘ಆ’ಗೂ ‘ಯೆನ್‌’ಗೂ ಏನು ನಂಟು ಎಂದು ಕೇಳಿದರೆ ವಾದ ಅಲ್ಲೇ ಕುಸಿಯುತ್ತದೆ.

ಇವೆಲ್ಲ ಶಿಷ್ಟ ಯೊರುಬಾದ ರೂಪಗಳು. ಅದು ಬಹುಮಟ್ಟಿಗೆ ನೈಜೀರಿಯಾದ ಓಯೋ ಮತ್ತು ಇಬಾದಾನ್ ಊರುಗಳ ಕಡೆಯ ಮಾತನ್ನು ಆಧರಿಸಿದೆ. ಅಲ್ಲಿನದೇ ಎಕಿಟಿ ಪ್ರದೇಶದವರ ಬಾಯಲ್ಲಿ ‘ಇಲೆ’ಯೇ ‘ಉಲೆ’ ಆಗುತ್ತದೆ. ಈ, ಆ ಎಂದು ತೋರಿಸುವ ದರ್ಶಕ ಪದಗಳೂ ಊರಿಂದೂರಿಗೆ ಬದಲಾಗುತ್ತವೆ.

ಯೊರುಬಾ ನೈಜರ್-ಕಾಂಗೋ ಕುಟುಂಬದ್ದು, ಕನ್ನಡ ದ್ರಾವಿಡ. ಹತ್ತಿರದ್ದನ್ನು ತೋರಿಸಲು ‘ಇ’ಕಾರ ಬಳಸುವುದು ಪರಸ್ಪರ ಸಂಬಂಧವಿಲ್ಲದ ಹಲವು ಭಾಷೆಗಳಲ್ಲಿ ಕಾಣುವ ಒಲವು. ಅಷ್ಟಕ್ಕೇ ವಂಶಾವಳಿ ಬರೆಯುವ ಆತುರ ಬೇಡ.